ಇನ್ಶಾ ಅಲ್ಲಾ ಎಂದ ಮೇಲೆ

ನನ್ನನ್ನು ಸಭೆಗಳಲ್ಲಿ ಪರಿಚಯ ಮಾಡಿಕೊಡುವವರಿಗೆಲ್ಲ ಒಂದೇ ಚಾಳಿ. ಮೈಕು ಕೈಗೆ ಬಂದ ಕೂಡಲೇ "ಮೊದಲ" ಎಂದು ಶುರು ಮಾಡುತ್ತಾರೆ. ಈ ವಾರ್ಡಿನಿಂದ ಗೆದ್ದ ಮೊದಲ ಮುಸ್ಲಿಂ ಮಹಿಳೆ, ಹೊರದೇಶಕ್ಕೆ ನಿಯೋಗದಲ್ಲಿ ಹೋದ ನಮ್ಮ ಜನರ ಮೊದಲ ಹೆಣ್ಣುಮಗಳು, ಕೊನೆಗೆ ಉಸಿರು ಎಳೆದುಕೊಂಡು "ರಾಜತಂತ್ರ ನಿಪುಣೆ". ನಾನು ವೇದಿಕೆಯ ಮೇಲೆ ತಲೆಯ ಸೆರಗು ಸರಿಮಾಡಿಕೊಳ್ಳುತ್ತ, ಹಲ್ಲು ಕಚ್ಚಿಕೊಂಡು ನಗುತ್ತೇನೆ. ಮೊದಲು ಎನ್ನುವುದು ನನ್ನ ಗುಣ ಅಲ್ಲವಲ್ಲ. ನನಗಿಂತ ಮುಂಚೆ ಯಾರನ್ನೂ ಒಳಗೆ ಬಿಡಲಿಲ್ಲ, ಅಷ್ಟೇ. ಅಷ್ಟು ವರ್ಷ ಬಾಗಿಲಿಗೆ ಅಗಣಿ ಹಾಕಿ ಕೂತವರೇ ಈಗ ಹಾರ ಹಿಡಿದು ನಿಂತಿದ್ದಾರೆ. ಇದು ಯಾವ ಸೀಮೆಯ ಮರ್ಯಾದೆಯೋ ನನಗೆ ಗೊತ್ತಾಗುವುದಿಲ್ಲ.

ಆ "ರಾಜತಂತ್ರ ನಿಪುಣೆ" ಎಂಬ ಬಾಲ ನನಗೆ ಹೇಗೆ ಅಂಟಿಕೊಂಡಿತು ಎಂದು ಒಮ್ಮೆ ಸರಿಯಾಗಿ ಹೇಳಿಬಿಡುವುದು ಒಳ್ಳೆಯದು. ಹೆಸರು ಯಾರದ್ದೂ ಹಾಕುವುದಿಲ್ಲ, ನನ್ನದೂ ಸೇರಿ. ಇದರಲ್ಲಿ ಬರುವ ಊರಿನವರು ಹೆಚ್ಚಿನವರು ಇನ್ನೂ ಇದ್ದಾರೆ, ವಾರಕ್ಕೊಮ್ಮೆ ಕಂಕನಾಡಿ ಮಾರ್ಕೆಟ್ಟಿನಲ್ಲಿ ಎದುರು ಸಿಗುತ್ತಾರೆ.

ನಾನು ಹುಟ್ಟಿದ್ದು ಬಂದರಿನ ಒಂದು ಬ್ಯಾರಿ, ಎಂದರೆ ಕರಾವಳಿ ಮುಸ್ಲಿಮರ, ವ್ಯಾಪಾರಿ ಮನೆಯಲ್ಲಿ. ಮದುವೆಯಾಗಿ ಗಂಡನ ಜೊತೆ ಗಲ್ಫಿಗೆ ಹೋದೆ, ಬಹಳ ವರ್ಷ ಅಲ್ಲಿದ್ದೆ. ಪಕ್ಕದ ಮನೆಯ ಹೆಂಗಸರ ಜೊತೆ ಮಾತಾಡಿ ಮಾತಾಡಿ ಅರಬಿ ಕಲಿತೆ. ಮತ್ತೆ ಊರಿಗೆ ಬಂದು ಕಂಕನಾಡಿಯಲ್ಲಿ ಮನೆ ಮಾಡಿದೆವು, ಗಂಡ ಚಪ್ಪಲಿ ಅಂಗಡಿ ಇಟ್ಟರು. ಹಾಗಿರುವಾಗ ಒಂದು ಸಲ ನಮ್ಮ ವಾರ್ಡು ಮಹಿಳೆಯರಿಗೆ ಮೀಸಲು ಎಂದಾಯಿತು. ಪಕ್ಷದವರು ಮನೆಗೆ ಬಂದು ಚಾವಡಿಯಲ್ಲಿ ಕೂತು, ನನ್ನ ಗಂಡನ ಹತ್ತಿರ ಮಾತು ಶುರು ಮಾಡಿದರು. ನಾನು ಒಳಗೆ ಚಾ ಮಾಡುತ್ತಿದ್ದೆ.

"ಮನೆಯವರ ಹೆಸರು ಒಂದು ಕೊಡಿ ಕಾಕ, ಸಾಕು. ಕೆಲಸ ಎಲ್ಲ ನೀವೇ ಮಾಡಿದ್ರಾಯ್ತು" ಎಂದ ಒಬ್ಬ.

ನನ್ನ ಗಂಡ ಕಡಿಮೆ ಮಾತಿನವರು. "ನಂಗೆ ಅಂಗಡಿ ಉಂಟು. ಅವಳನ್ನೇ ಕೇಳಿ. ಅವಳು ಒಪ್ಪಿದ್ರೆ ಮತ್ತೆ ಚರಂಡಿ ಕಟ್ಟಿತು ಅಂತ ನನ್ನ ಹತ್ರ ಬರ್ಲಿಕ್ಕಿಲ್ಲ" ಎಂದರು. ನಾನು ಚಾದ ಟ್ರೇ ಇಟ್ಟು, ಎದುರಿನ ಕುರ್ಚಿ ಎಳೆದು ಕೂತೆ. ನನ್ನ ಹೆಸರು ಬೇಕಾಗಿತ್ತೇ ಹೊರತು ನಾನು ಕೂರುವುದು ಅವರ ಲೆಕ್ಕದಲ್ಲಿ ಇರಲಿಲ್ಲ. ಅವರ ಮುಖ ನೋಡಿಯೇ ನಾನು ಒಪ್ಪಿದ್ದು ಎಂದರೂ ತಪ್ಪಿಲ್ಲ.

ಗೆದ್ದ ಮೇಲೆ ಪಕ್ಷದ ಹಿರಿಯರೊಬ್ಬರು ನನ್ನನ್ನು ಕರೆದು ಪಾಠ ಮಾಡಿದರು. "ನೋಡಮ್ಮ, ಜನ ಎಂತೆಂತದ್ದೋ ಕೇಳ್ಕೊಂಡು ಬರ್ತಾರೆ. ಆಗುದಿಲ್ಲ ಅಂತ ಹೇಳ್ಬೇಡಿ, ಆಗ್ತದೆ ಅಂತಲೂ ಹೇಳ್ಬೇಡಿ. 'ನೋಡುವ' ಅಂತ ಹೇಳಿ. ಹಾವೂ ಸಾಯ್ಲಿಕ್ಕಿಲ್ಲ, ಕೋಲೂ ಮುರೀಲಿಕ್ಕಿಲ್ಲ." ನಮ್ಮ ಊರಿನಲ್ಲಿ ನೋಡುವ ಎಂದರೆ ಏನು ಎಂದು ಮಕ್ಕಳಿಗೂ ಗೊತ್ತು. ಅಡ್ಡಗೋಡೆಯ ಮೇಲೆ ದೀಪ ಇಟ್ಟ ಮಾತು ಅದು. ಆದರೆ ನನ್ನ ನಾಲಗೆಗೆ ಆ ಶಬ್ದ ಹತ್ತಲಿಲ್ಲ. ನೋಡುವ ಎನ್ನಬೇಕಾದಲ್ಲೆಲ್ಲ ನನ್ನ ಬಾಯಿಂದ ತನ್ನಷ್ಟಕ್ಕೆ ಬಂದದ್ದು ಇನ್ಶಾ ಅಲ್ಲಾ.

ಅದರ ಅರ್ಥ ಎಲ್ಲರಿಗೂ ಗೊತ್ತಿರುವುದೇ: ದೇವರು ಬಯಸಿದರೆ. ನನ್ನ ಉಮ್ಮ, ಎಂದರೆ ತಾಯಿ, ಆ ಮಾತನ್ನು ಸುಮ್ಮಸುಮ್ಮನೆ ಆಡಲು ಬಿಡುತ್ತಿರಲಿಲ್ಲ. ಮೊದಲು ಸೊಂಟ ಕಟ್ಟು, ಆಮೇಲೆ ದೇವರ ಹೆಸರು ಹೇಳು ಎನ್ನುತ್ತಿದ್ದಳು. ಅಪ್ಪನದು ಬೇರೆ ದಾರಿ. ಅಂಗಡಿಗೆ ಬಂದವರು ಮದುವೆಗೆ ಬನ್ನಿ, ಮನೆ ಒಕ್ಕಲಿಗೆ ಬನ್ನಿ ಎಂದರೆ ಅಪ್ಪ ಎದೆಯ ಮೇಲೆ ಕೈಯಿಟ್ಟು ಇನ್ಶಾ ಅಲ್ಲಾ ಎನ್ನುತ್ತಿದ್ದರು. ಕರೆದವರಿಗೂ ಗೊತ್ತು, ಇವರು ಬರುವುದಿಲ್ಲ ಎಂದು. ಯಾರಿಗೂ ಬೇಸರ ಇಲ್ಲ. ರಾಜಕೀಯಕ್ಕೆ ಬಂದ ಮೇಲೆ ನಾನು ಅಪ್ಪನ ಮಗಳಾದೆ. ನಮ್ಮ ಕೇರಿಯ ಹೆಂಗಸರು ಬಹಳ ಚುರುಕು. ರಸ್ತೆಗೆ ಡಾಂಬರು ಯಾವಾಗ ಎಂದು ಕೇಳಿ, ನನ್ನ ಉತ್ತರ ಕೇಳಿಸಿಕೊಂಡು, "ಮಾಮಿ, ಇದು ಮನೆಯ ಇನ್ಶಾ ಅಲ್ಲಾವಾ, ಕಾರ್ಪೊರೇಶನ್ನಿನದ್ದಾ?" ಎಂದು ನನ್ನನ್ನೇ ಗೇಲಿ ಮಾಡುತ್ತಿದ್ದರು.

ನಮ್ಮ ಹಿಂದಿನ ಬೀದಿಯಲ್ಲಿ ಒಬ್ಬ ಪಿ.ಟಿ. ಟೀಚರ್ ಇದ್ದಾಳೆ. ತುಳು ಮಾತಾಡುವ ಹಿಂದೂ ಮನೆ. ದೇರೆಬೈಲಿನ ಒಂದು ಹೈಸ್ಕೂಲಿನಲ್ಲಿ ಮಕ್ಕಳಿಗೆ ಡ್ರಿಲ್ಲು, ಕಬಡ್ಡಿ, ತ್ರೋಬಾಲ್ ಕಲಿಸುತ್ತಾಳೆ. ಎತ್ತರದ ಹೆಂಗಸು, ಬೆನ್ನು ನೆಟ್ಟಗೆ, ದನಿ ಈ ಬೀದಿಯಿಂದ ಆ ಬೀದಿಗೆ ಕೇಳುವಂಥದ್ದು. ಅವಳ ಗಂಡ ಗಲ್ಫಿನಲ್ಲಿ ಒಂದು ಕಂಪೆನಿಯ ಗೋದಾಮು ನೋಡಿಕೊಳ್ಳುತ್ತಿದ್ದ. ಆ ಗೋದಾಮು ಮುಚ್ಚಿತು, ಕೆಲಸದವರನ್ನು ಕೇಳುವವರಿಲ್ಲ. ಹೊಟ್ಟೆಪಾಡಿಗೆ ಇವನು ಬೇರೆ ಕಡೆ ಕೆಲಸ ಹುಡುಕಿಕೊಂಡು ಹೋದ. ಅಷ್ಟರಲ್ಲಿ ಹಳೆಯ ಕಂಪೆನಿಯ ಮ್ಯಾನೇಜರು ಇವನು ಕೆಲಸ ಬಿಟ್ಟು ಓಡಿಹೋದವನು ಎಂದು ಅಲ್ಲಿಯ ಸರಕಾರಕ್ಕೆ ದೂರು ಕೊಟ್ಟ. ದೂರು ಕೊಟ್ಟವರೇ ಅದನ್ನು ಹಿಂದೆ ತೆಗೆದುಕೊಳ್ಳುವ ತನಕ ಅವನು ವಿಮಾನ ಹತ್ತುವ ಹಾಗಿಲ್ಲ, ಕೆಲಸಕ್ಕೆ ಸೇರುವ ಹಾಗಿಲ್ಲ. ಊರಿನ ನಾಲ್ಕು ಜನರ ಕೋಣೆಯಲ್ಲಿ ಅಡಗಿ ಕೂತಿದ್ದ. ಎರಡು ವರ್ಷ ಹಾಗೇ ಕಳೆದಿತ್ತು.

ಒಂದು ಭಾನುವಾರ ನಾನು ಹಿತ್ತಲಲ್ಲಿ ಬಂಗುಡೆ ಮೀನು ಕ್ಲೀನ್ ಮಾಡುತ್ತಿದ್ದಾಗ ಟೀಚರ್ ಬಂದು ನಿಂತಳು. ವಿಷಯವೆಲ್ಲ ಹೇಳಿದಳು.

"ಅಕ್ಕ, ಅವರನ್ನು ಕರ್ಕೊಂಡು ಬರ್ಲಿಕ್ಕೆ ನಿಮ್ಮಿಂದ ಆಗ್ಬೇಕು."

"ಎಂತ ಹೇಳ್ತೀರಿ ಟೀಚರ್? ನಾನು ಕಾರ್ಪೊರೇಟರ್. ಬೀದಿದೀಪ ಕೇಳಿ, ಕೊಡ್ತೇನೆ. ಅಲ್ಲಿ ಅರಬರ ಊರಲ್ಲಿ ನನ್ನ ಮಾತು ಯಾರು ಕೇಳ್ತಾರೆ?"

"ನೀವು ಅಲ್ಲಿ ಇದ್ದವರು. ನಿಮಗೆ ಅರಬಿ ಬರ್ತದೆ."

"ಅದು ತರಕಾರಿ ಚೌಕಾಸಿ ಮಾಡುವಷ್ಟು ಮಾರಾಯ್ತಿ."

ಅವಳು ಹೋಗಲಿಲ್ಲ, ಅಲ್ಲೇ ನಿಂತಳು. ಬೆಕ್ಕು ಒಂದು ನನ್ನ ಕಾಲು ಸುತ್ತುತ್ತಿತ್ತು, ಒಲೆಯ ಮೇಲೆ ಅನ್ನ ಕುದಿಯುತ್ತಿತ್ತು. "ಇನ್ಶಾ ಅಲ್ಲಾ, ಆಗ್ತದೆ" ಎಂದು ಹೇಳಿ ಇನ್ನೊಂದು ಮೀನು ಕೈಗೆತ್ತಿಕೊಂಡೆ. "ಹಾಗಾದ್ರೆ ಆಯ್ತು" ಎಂದು ಅವಳು ಹೊರಟಳು. ನಾನೂ ಮರೆತೆ.

ಆ ವಾರವೇ ಮಾರ್ಕೆಟ್ಟಿನಲ್ಲಿ ಮೀನು ಮಾರುವ ಹೆಂಗಸು ನನ್ನ ಕೈ ಹಿಡಿದು, "ಟೀಚರ ಗಂಡನನ್ನು ನೀವು ತರ್ತೀರಂತೆ, ಒಳ್ಳೆದಾಗ್ಲಿ ಮೇಡಂ" ಎಂದಳು. ನಾನು ಕಣ್ಣು ಕಣ್ಣು ಬಿಟ್ಟೆ. ರಿಕ್ಷಾ ಸ್ಟ್ಯಾಂಡಿನಲ್ಲೂ ಅದೇ ಮಾತು. ಸಂಜೆ ಮಸೀದಿಯಿಂದ ಬಂದ ನನ್ನ ಗಂಡ ಚಪ್ಪಲಿ ಬಿಡುತ್ತಲೇ, "ಎಂತ, ಯಾರಿಗೆ ಎಂತ ಮಾತು ಕೊಟ್ಟಿದ್ದಿ?" ಎಂದು ಕೇಳಿದರು. ಟೀಚರ್ ಬೀದಿಬೀದಿಗೆ ಹೇಳಿದ್ದಳು: ಅಕ್ಕ ಸುಮ್ಮನೆ ಹೇಳಿದ್ದಲ್ಲ, ದೇವರ ಹೆಸರು ಹಿಡಿದು ಇನ್ಶಾ ಅಲ್ಲಾ ಹೇಳಿದ್ದಾರೆ, ಇನ್ನು ನನಗೆ ಹೆದರಿಕೆ ಇಲ್ಲ ಎಂದು.

ಇದು ತುಳುನಾಡು. ಇಲ್ಲಿ ಕೋಲದ ದಿವಸ ಮನುಷ್ಯನ ಮೈಮೇಲೆ ಬಂದು ದೈವ ಕೊಡುವ ನುಡಿಗೆ ಎಂಥ ಬೆಲೆ ಎಂದು ಬ್ಯಾರಿಗಳಾದ ನಮಗೂ ಗೊತ್ತು. ದೈವದ ಎದುರು ಆಡಿದ ಮಾತು ಎಂದರೆ ಗದ್ದೆಯ ಗಡಿ ಜಗಳವೂ ಅಲ್ಲಿಗೆ ನಿಲ್ಲುತ್ತದೆ. ಇವಳು ನನ್ನ ಹಿತ್ತಲಿನ ಮಾತನ್ನು ಆ ಸಾಲಿಗೆ ಸೇರಿಸಿಬಿಟ್ಟಿದ್ದಾಳೆ ಎಂದು ನನಗೆ ಅನಿಸಿತು. ಎಂಥ ಪೆದ್ದು ಹೆಂಗಸು ಎಂದು ಸಿಟ್ಟೂ ಬಂತು, ಪಾಪ ಎಂದೂ ಅನಿಸಿತು. ಸುಳ್ಳು ಆಸೆ ಇಟ್ಟುಕೊಂಡು ಕೂತರೆ ಬೇರೆ ಕಡೆ ಪ್ರಯತ್ನವನ್ನೂ ಬಿಟ್ಟುಬಿಡುತ್ತಾಳೆ, ಇದನ್ನು ಚಿಗುರಿನಲ್ಲೇ ಚಿವುಟಬೇಕು ಎಂದು ಮರುದಿನ ರಿಕ್ಷಾ ಹಿಡಿದು ದೇರೆಬೈಲಿಗೆ, ಅವಳ ಶಾಲೆಗೇ ಹೋದೆ.

ಮೈದಾನದಲ್ಲಿ ಮಕ್ಕಳು ಸಾಲಾಗಿ ಕೈ ಮೇಲೆ ಕೆಳಗೆ ಮಾಡುತ್ತಿದ್ದರು. ನನ್ನನ್ನು ಕಂಡದ್ದೇ ಟೀಚರ್ ವಿಸಿಲು ಊದಿ ಅವರನ್ನು ನಿಲ್ಲಿಸಿದಳು. ಜಗಲಿಯಲ್ಲಿ ನಿಂತಿದ್ದ ಹೆಡ್‌ಮಾಸ್ಟರಿಗೂ ಉಳಿದ ಟೀಚರುಗಳಿಗೂ ಕೇಳುವ ಹಾಗೆ, "ಇವರೇ ಸರ್, ನಾನು ಹೇಳಿದ್ದು" ಎಂದಳು. ಅವರೆಲ್ಲ ನನಗೆ ಕೈಮುಗಿದರು. ನಾನು ಅವಳ ತೋಳು ಹಿಡಿದು ಗೋಳಿಮರದ ಬುಡಕ್ಕೆ ಎಳೆದುಕೊಂಡು ಹೋದೆ.

"ಟೀಚರ್, ನೀವು ತಪ್ಪು ತಿಳ್ಕೊಂಡಿದ್ದೀರಿ. ಇನ್ಶಾ ಅಲ್ಲಾ ಅಂದ್ರೆ ಮಾತು ಕೊಟ್ಟ ಹಾಗೆ ಅಲ್ಲ."

"ಮತ್ತೆ ಎಂತ?"

"ದೇವರು ಬಯಸಿದ್ರೆ ಅಂತ."

"ದೇವರು ಬಯಸುದಿಲ್ಲ ಅಂತ ನಿಮಗೆ ಯಾರು ಹೇಳಿದ್ದು?"

"ಹಾಗಲ್ಲ ಮಾರಾಯ್ತಿ. ಕೆಲವು ಸಲ ನಾವು ಅದನ್ನು ಸುಮ್ಮನೆ ಹೇಳುದುಂಟು. ಎದುರಿನವರಿಗೆ ಬೇಸರ ಆಗ್ಬಾರ್ದು ಅಂತ."

ಅವಳು ನನ್ನನ್ನೇ ನೋಡಿದಳು. "ಮಾಡ್ಲಿಕ್ಕೆ ಮನಸ್ಸಿಲ್ಲದ ಕೆಲಸಕ್ಕೆ ದೇವರ ಹೆಸರು ಹೇಳುದುಂಟಾ ಅಕ್ಕ, ನಿಮ್ಮಲ್ಲಿ?"

ಹೌದು ಎನ್ನಲೇ? ಜಗಲಿಯಲ್ಲಿ ಅಷ್ಟು ಜನ ನೋಡುತ್ತಿರುವಾಗ, ನಮ್ಮ ಜನ ಇಲ್ಲ ಎನ್ನಲು ದೇವರನ್ನು ಅಡ್ಡ ಇಟ್ಟುಕೊಳ್ಳುತ್ತಾರೆ ಎಂದು ನಾನು ಹೇಳಿ ಬರಬೇಕೇ? ಇಲ್ಲ ಎಂದರೆ ಅವಳ ಗಂಡನನ್ನು ನಾನು ತರಬೇಕು. ಉಗುಳಲೂ ಆಗದ ನುಂಗಲೂ ಆಗದ ಬಿಸಿ ತುಪ್ಪ. ಉಮ್ಮ ಬದುಕಿದ್ದರೆ ಆ ಮರದ ಬುಡದಲ್ಲೇ ನನ್ನ ಕಿವಿ ಹಿಂಡುತ್ತಿದ್ದಳು.

ಆಗ ಟೀಚರ್ ದನಿ ಇಳಿಸಿದಳು. ಅವಳ ದನಿ ಅಷ್ಟು ಸಣ್ಣದಾಗಬಲ್ಲದು ಎಂದು ನನಗೆ ಗೊತ್ತಿರಲಿಲ್ಲ. "ಮೊನ್ನೆ ಫೋನು ಮಾಡಿದ್ರು. ಎಂತದೂ ಮಾತಾಡ್ಲಿಲ್ಲ ಅಕ್ಕ. ಮೊದಲೆಲ್ಲ ಬೈತಿದ್ರು, ಅಳ್ತಿದ್ರು, ಮಗಳು ಎಷ್ಟು ಎತ್ತರ ಆಗಿದ್ದಾಳೆ ಅಂತ ಕೇಳ್ತಿದ್ರು. ಈಗ ಸುಮ್ಮನೆ ಹಿಡ್ಕೊಂಡು ಕೂರ್ತಾರೆ. ಹಾಗೆ ಸುಮ್ಮನಾದವರು ಎಂತ ಮಾಡ್ಕೊಳ್ತಾರೆ ಅಂತ ನಂಗೆ ಹೆದರಿಕೆ." ನನಗೂ ಹೆದರಿಕೆಯಾಯಿತು. ಗಲ್ಫಿನ ಕೋಣೆಗಳಲ್ಲಿ ಸುಮ್ಮನಾದ ಗಂಡಸರ ಕತೆ ಅಲ್ಲಿದ್ದಾಗ ನಾನೂ ಕೇಳಿದ್ದೆ. ಹೆಚ್ಚಿನವು ಚೆನ್ನಾಗಿ ಮುಗಿದವಲ್ಲ.

ಆ ದೇಶದಲ್ಲಿರುವ ನಮ್ಮ ಕರಾವಳಿಯವರ ಸಂಘವೊಂದು ಅದಕ್ಕಿಂತ ಮೊದಲೇ ನನ್ನನ್ನು ಒಂದು ಕಾರ್ಯಕ್ರಮಕ್ಕೆ ಕರೆದಿತ್ತು. ಊರಿನಿಂದ ಹೋಗುವ ನಿಯೋಗದಲ್ಲಿ ನಾನೂ ಬರಬೇಕಂತೆ, ಮೊದಲ ಮುಸ್ಲಿಂ ಮಹಿಳೆ ಎಂದು ಸನ್ಮಾನ ಮಾಡುತ್ತಾರಂತೆ. ನಾನು ಆಗುವುದಿಲ್ಲ ಎಂದಿದ್ದೆ. ದೇರೆಬೈಲಿನಿಂದ ಮನೆಗೆ ಬಂದವಳೇ ಅವರಿಗೆ ಫೋನು ಮಾಡಿ, ಬರುತ್ತೇನೆ ಎಂದೆ. ನನ್ನ ಗಂಡ ಪೆಟ್ಟಿಗೆ ಕೆಳಗಿಳಿಸಿ ಕೊಡುತ್ತ, "ರಾಯಭಾರಿ ಹೊರಟ್ರು" ಎಂದು ನಕ್ಕರು.

ಸನ್ಮಾನ ಮುಗಿಯಿತು. ಸಂಘದ ಗಂಡಸರು ನನ್ನ ಜೊತೆ ಆ ಕಂಪೆನಿಯ ಆಫೀಸಿಗೆ ಬಂದರು. ಒಳ್ಳೆಯ ಜನ, ಪಾಪ, ರಜೆ ಹಾಕಿ ಬಂದಿದ್ದರು. ಮ್ಯಾನೇಜರು ಖರ್ಜೂರ ಕೊಟ್ಟ, ಚಾ ಕೊಟ್ಟ, ಎಲ್ಲ ಕೇಳಿಸಿಕೊಂಡ. ಕೊನೆಗೆ ಎದೆಯ ಮೇಲೆ ಕೈಯಿಟ್ಟು, "ಇನ್ಶಾ ಅಲ್ಲಾ, ನಾಳೆ" ಎಂದ. ನಮ್ಮವರು ಎದ್ದು ನಿಂತರು. ಆ ನಾಳೆ ಬರುವುದಿಲ್ಲ ಎಂದು ಅವರಿಗೂ ಗೊತ್ತು, ನನಗೂ ಗೊತ್ತು. ನನ್ನ ಅಪ್ಪ ಅಂಗಡಿಯ ಗಲ್ಲಾದಲ್ಲಿ ಕೂತು ಹೇಳುತ್ತಿದ್ದದ್ದು ಅದೇ ದನಿಯಲ್ಲಿ.

ಹೊರಗೆ ಬಂದು ನಾನು ಕೇಳಿದ್ದು ಒಂದೇ. "ಇದರ ಯಜಮಾನನಿಗೆ ತಾಯಿ ಇದ್ದಾರಾ?"

ಇದ್ದರು, ಮಗನ ಜೊತೆಯಲ್ಲೇ. ಗಂಡಸರ ನಿಯೋಗ ಎಷ್ಟು ದೊಡ್ಡದಿದ್ದರೂ ಆ ಮನೆಯ ಹೆಂಗಸರ ಕಡೆಗೆ ಹೋಗುವ ಹಾಗಿಲ್ಲ. ನಾನು ಹೋಗಬಹುದು. ಹೇಳಿ ಕಳುಹಿಸಿ, ಒಪ್ಪಿಗೆ ಬಂದ ಮೇಲೆ, ಸಂಘದವರೊಬ್ಬರ ಹೆಂಡತಿಯ ಜೊತೆ ಹೋದೆ. ನೆಲದ ಮೇಲೆ ಹಾಸಿದ ಮೆತ್ತೆಯಲ್ಲಿ ಒಬ್ಬರು ಮುದುಕಿ ಒರಗಿಕೊಂಡಿದ್ದರು. ಕಾಫಿ ತರಿಸಿ ನನ್ನ ಮಕ್ಕಳ ಬಗ್ಗೆ ಕೇಳಿದರು, ಮಂಡಿನೋವಿನ ಬಗ್ಗೆ ಕೇಳಿದರು, ಊರಿನಲ್ಲಿ ಮಳೆ ಎಷ್ಟು ಎಂದು ಕೇಳಿದರು. ನಾನೂ ಅವರ ಮಂಡಿನೋವು ಕೇಳಿದೆ. ಬಂದ ವಿಷಯ ಎತ್ತಲಿಲ್ಲ. ನಮ್ಮಲ್ಲಿ ಹೆಣ್ಣು ನೋಡಲು ಬಂದವರೂ ಎರಡನೇ ಚಾ ಬರುವ ತನಕ ಮದುವೆಯ ಸುದ್ದಿ ತೆಗೆಯುವುದಿಲ್ಲ. ಆ ಕಲೆಯನ್ನು ನಾನು ಅಡಿಗೆಮನೆಯ ಬಾಗಿಲಿನ ಹಿಂದೆ ನಿಂತು ಕಲಿತವಳು, ಯಾವ ಕಾಲೇಜಿನಲ್ಲೂ ಅಲ್ಲ.

ಕೊನೆಗೆ ಅವರೇ ಕೇಳಿದರು. ನನ್ನ ಹರಕು ಅರಬಿಯಲ್ಲಿ ಎಲ್ಲ ಹೇಳಿದೆ. ಅವರು ಮರುಗಿದರು, ನನ್ನ ಕೈ ತಟ್ಟಿದರು, "ಇನ್ಶಾ ಅಲ್ಲಾ ಮಗಳೇ, ಇನ್ಶಾ ಅಲ್ಲಾ" ಎಂದರು. ಕೈ ತಟ್ಟಿದ ರೀತಿಯಲ್ಲೇ ತಿಳಿಯಿತು, ಇದೂ ಅಪ್ಪನ ಅಂಗಡಿಯದ್ದೇ.

ನನಗೆ ಒಳಗಿಂದ ಸಿಟ್ಟು ಬಂತು. ಅವರ ಮೇಲಲ್ಲ, ಆ ಸುಲಭದ ಮಾತಿನ ಮೇಲೆ. "ಉಮ್ಮ, ನಾನು ಇಲ್ಲಿಗೆ ಬಂದದ್ದೇ ಆ ಮಾತಿನಿಂದ" ಎಂದೆ. ಹಿತ್ತಲು, ಬಂಗುಡೆ, ಮಾರ್ಕೆಟ್ಟು, ಶಾಲೆಯ ಮೈದಾನ, ಒಂದೂ ಬಿಡದೆ ಹೇಳಿದೆ. ಟೀಚರ್ ಊರೆಲ್ಲ ಸಾರಿದ್ದನ್ನು ಕೇಳಿ ಮುದುಕಿ ಹೊಟ್ಟೆ ಹಿಡಿದುಕೊಂಡು ನಕ್ಕರು. ಕಣ್ಣು ಒರಸಿಕೊಂಡು ಕೇಳಿದರು:

"ಆ ಹೆಂಗಸು ನಮ್ಮವಳಲ್ಲ ಅಲ್ಲವೇ?"

"ಅಲ್ಲ, ಹಿಂದೂ."

"ಆದರೂ ನಂಬಿದಳೇ?"

"ನಂಬಿದಳು. ನಾವು ನಂಬುವುದಕ್ಕಿಂತ ಹೆಚ್ಚು ನಂಬಿದಳು. ಈಗ ನಾನು ಬರಿಗೈಯಲ್ಲಿ ಹೋದರೆ ನನ್ನ ಮಾತು ಸುಳ್ಳಾಯಿತು ಎಂದು ಅವಳು ತಿಳಿಯುವುದಿಲ್ಲ, ಉಮ್ಮ. ಆ ಮಾತೇ ಸುಳ್ಳು ಎಂದು ತಿಳಿಯುತ್ತಾಳೆ."

ಅವರ ನಗು ನಿಂತಿತು. ಸ್ವಲ್ಪ ಹೊತ್ತು ಜಪಮಣಿ ಬೆರಳಿನಲ್ಲಿ ಓಡಿತು. ಆಮೇಲೆ ಕೆಲಸದವಳನ್ನು ಕಳುಹಿಸಿ ಮಗನನ್ನು ಕರೆಸಿದರು. ಗಡ್ಡ ನರೆತ ಯಜಮಾನ ಬಾಗಿಲಿನ ಆಚೆ ತಲೆ ತಗ್ಗಿಸಿ ನಿಂತ. ಮುದುಕಿ ಆಡಿದ್ದು ನನಗೆ ಅರ್ಧ ಮಾತ್ರ ತಿಳಿಯಿತು. ಅವನು ಮ್ಯಾನೇಜರನ ಸುದ್ದಿ ಏನೋ ಹೇಳಲು ಹೋದ, ತಾಯಿ ಕೈ ಎತ್ತಿದರು, ಸುಮ್ಮನಾದ. ಅವನು ಹೋದ ಮೇಲೆ ನನ್ನ ಕಡೆ ತಿರುಗಿ, "ಕಾಫಿ ಕುಡಿ, ತಣಿಯಿತು" ಎಂದರು. ಇನ್ಶಾ ಅಲ್ಲಾ ಎಂದು ಇನ್ನೊಮ್ಮೆ ಹೇಳಲಿಲ್ಲ. ಅದರಿಂದಲೇ ನನಗೆ ಧೈರ್ಯ ಬಂದದ್ದು.

ದೂರು ಹಿಂದೆ ಹೋಯಿತು. ಒಂದು ಮಧ್ಯಾಹ್ನ ಟೀಚರ ಗಂಡ ಬಜ್ಪೆ ವಿಮಾನ ನಿಲ್ದಾಣದಲ್ಲಿ ಇಳಿದ. ಕೈಯಲ್ಲಿ ಒಂದು ಸಣ್ಣ ಚೀಲ, ಅಂಗಿ ಹೆಗಲಿನಿಂದ ಜಾರುವಷ್ಟು ದೊಡ್ಡದು. ಟೀಚರ್ ಅವನ ಹತ್ತಿರ ಹೋಗಿ ಆ ಚೀಲ ತೆಗೆದುಕೊಂಡಳು. ಮಗಳು ತಾಯಿಯ ಬೆನ್ನ ಹಿಂದಿನಿಂದ ಇಣುಕಿ ನೋಡುತ್ತಿದ್ದಳು. ನಾನು ಸ್ವಲ್ಪ ದೂರದಲ್ಲಿ ನಿಂತು ಚೆನ್ನಾಗಿ ಅತ್ತೆ, ನಾಚಿಕೆ ಏನೂ ಇಲ್ಲ.

ಅಲ್ಲಿಂದ ಶುರುವಾಯಿತು ನೋಡಿ. ಪೇಪರಿನಲ್ಲಿ ಬಂತು, ಹೊರದೇಶದಲ್ಲಿ ಸಿಕ್ಕಿಬಿದ್ದವರ ಬಗ್ಗೆ ಒಂದು ಸಮಿತಿ ಮಾಡಿದಾಗ ನನ್ನನ್ನು ಹಾಕಿದರು, ಮತ್ತೆ ಎರಡು ಸಲ ನಿಯೋಗದಲ್ಲಿ ಕಳುಹಿಸಿದರು. ಕದ್ರಿಯ ಸಭೆಯೊಂದರಲ್ಲಿ ಯಾರೋ ಮೊದಲ ಸಲ ರಾಜತಂತ್ರ ನಿಪುಣೆ ಎಂದರು. ನಿಜ ಹೇಳಬೇಕೆಂದರೆ ಆ ದಿನ ನನಗೆ ಒಳಗೊಳಗೇ ಖುಷಿಯಾಗಿತ್ತು.

ಆ ಸಭೆಯಾದ ಕೆಲವು ದಿನಕ್ಕೆ ಟೀಚರ್ ಮನೆಯಲ್ಲಿ ಮಾಡಿದ ಕೆಸುವಿನೆಲೆಯ ಪತ್ರೊಡೆ ಹಿಡಿದುಕೊಂಡು ಗಂಡನ ಜೊತೆ ಬಂದಳು. ಗಂಡಸರು ಹೊರಗೆ ಕೂತರು, ನಾವು ಅಡಿಗೆಮನೆಯಲ್ಲಿ. ನಾನು ಗೆದ್ದ ಹುರುಪಿನಲ್ಲಿದ್ದೆ. ಅವಳನ್ನು ಸ್ವಲ್ಪ ರೇಗಿಸೋಣ ಎಂದು ಬಾಯಿ ಬಿಟ್ಟೆ.

"ಟೀಚರ್, ಈಗ ಹೇಳಿದ್ರೆ ತೊಂದರೆ ಇಲ್ಲ. ಅವತ್ತು ಹಿತ್ತಲಲ್ಲಿ ನಾನು ಹೇಳಿದ ಇನ್ಶಾ ಅಲ್ಲಾ ಉಂಟಲ್ಲ, ಅದರ ಅರ್ಥ 'ಆಗುದಿಲ್ಲ' ಅಂತ. ನಿಮಗೆ ಗೊತ್ತಾಗ್ಲಿಲ್ಲ."

ಅವಳು ಪತ್ರೊಡೆ ತುಂಡು ಮಾಡುತ್ತಿದ್ದಳು. ಕೈ ನಿಲ್ಲಿಸಲಿಲ್ಲ.

"ಗೊತ್ತಾಗಿತ್ತು ಅಕ್ಕ."

"ಎಂತ ಗೊತ್ತಾಗಿತ್ತು?"

"ಎರಡು ವರ್ಷ ಅವರು ಫೋನಲ್ಲಿ ಅದನ್ನೇ ಹೇಳಿದ್ದು. ಮ್ಯಾನೇಜರಿಗೆ ಫೋನು ಮಾಡಿದೆ, ಇವತ್ತೂ ಇನ್ಶಾ ಅಲ್ಲಾ ಹೇಳಿದ, ಅಂದ್ರೆ ಇವತ್ತೂ ಇಲ್ಲ ಅಂತ. ನೀವು ನನ್ನ ಮುಖ ನೋಡದೆ ಹೇಳಿದಾಗ್ಲೇ ಗೊತ್ತಾಯ್ತು, ಇದೂ ಅದೇ ಅಂತ."

"ಮತ್ತೆ ಊರಿಗೆಲ್ಲ ಹೇಳಿದ್ದು? ಶಾಲೆಯಲ್ಲಿ ಹೆಡ್‌ಮಾಸ್ಟರ ಎದುರು?"

"ಅದಕ್ಕೇ ಹೇಳಿದ್ದು. ಆ ಮ್ಯಾನೇಜರಿಗೆ ನಾನು ಎಂತ ಮಾಡ್ಲಿಕ್ಕೆ ಆಗ್ತದೆ? ನಿಮಗಾದ್ರೆ ಊರಿನವರ ಎದುರು 'ಆಗುದಿಲ್ಲ' ಅಂತ ಹೇಳ್ಲಿಕ್ಕೆ ನಾಚಿಕೆ ಆಗ್ತದೆ ಅಂತ ಗೊತ್ತಿತ್ತು."

ಪೆದ್ದು ಎಂದುಕೊಂಡಿದ್ದೆನಲ್ಲ ಇವಳನ್ನು. ನನ್ನನ್ನು ಗೋಳಿಮರದ ಬುಡದಲ್ಲಿ ನಿಲ್ಲಿಸಿ, ಸಮುದ್ರ ದಾಟಿಸಿ, ಆ ಮುದುಕಿಯ ಎದುರು ಕೂರಿಸಿದ್ದು ಇವಳು. ಆ ಪೇಪರು, ಆ ಹಾರ, ಆ ಬಿರುದು ಎಲ್ಲ ನೆನಪಾಗಿ ಕಿವಿ ಬಿಸಿಯಾಯಿತು. ಸಿಟ್ಟು ಬಂತು, ಬರಲಿಲ್ಲ ಎಂದರೆ ಸುಳ್ಳು.

"ದೇವರ ಹೆಸರು ಹಿಡ್ಕೊಂಡು ನನ್ನನ್ನು ಆಟ ಆಡಿಸಿದ್ರಲ್ಲ ಟೀಚರ್" ಎಂದೆ.

"ಆಡಿಸಿದೆ" ಎಂದಳು. ಆಗ ಅವಳ ಕೈ ನಿಂತಿತು, ಕಣ್ಣು ತುಂಬಿತು. "ತಪ್ಪು ಅಂತ ಗೊತ್ತುಂಟು. ನಮ್ಮ ದೈವದ ಹತ್ರ ಕೇಳ್ಕೊಂಡಿದ್ದೇನೆ, ನಿಮ್ಮ ದೇವರ ಹತ್ರವೂ ಕೇಳ್ಕೊಂಡಿದ್ದೇನೆ. ನೀವು ಬೈದ್ರೂ ಬೇಸರ ಇಲ್ಲ. ನಂಗೆ ಅವರು ಬೇಕಿತ್ತು ಅಕ್ಕ."